ಯುದ್ಧದ ನಡುವೆ ಮುದ್ರಿಸಿದ ಹಾಡಿಗೆ ಸಂಪಾದಕ ಬೇಕು

ಹಳೆಯ ಧ್ವನಿಮುದ್ರಣಗಳಲ್ಲಿ ಆಸಕ್ತಿಯುಳ್ಳ ಗೆಳೆಯರ ಕೂಟವೊಂದರಲ್ಲಿ ಈಚೆಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ನಡುನಡುವೆ ಹಾಡುಗಳನ್ನು ಕೇಳಿಸಿದ್ದೆ. ಬರಹದಲ್ಲಿ ಅದಕ್ಕೆ ಅವಕಾಶವಿಲ್ಲದ್ದರಿಂದ, ಕೇಳಿಸಿದ್ದನ್ನು ಅಲ್ಲಲ್ಲಿ ಮಾತಿನಲ್ಲಿಯೇ ಹೇಳಲು ಪ್ರಯತ್ನಿಸಿದ್ದೇನೆ.

ಸ್ನೇಹಿತರೇ, 1978ನೆಯ ಇಸವಿ ಕನ್ನಡದ ಸುಗಮ ಸಂಗೀತವನ್ನು ಪ್ರೀತಿಸುವವರಿಗೆ ಚೆನ್ನಾಗಿ ನೆನಪಿರುವ ವರ್ಷ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ಸ್ವರ ಹಾಕಿದ ‘ನಿತ್ಯೋತ್ಸವ’ದ ಕ್ಯಾಸೆಟ್ ಹೊರಬಂದದ್ದು ಆ ವರ್ಷ. ಪುಸ್ತಕದಲ್ಲಿದ್ದ ಕವಿತೆ ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂತು ಮನೆಮನೆಗೆ ಹೋಗಬಹುದು ಎಂಬುದನ್ನು ನಾವು ಕಂಡುಕೊಂಡದ್ದು ಆಗಲೇ. ಅದೇ ವರ್ಷ ಲೆಬನಾನಿನ ರಾಜಧಾನಿ ಬೈರೂತ್‌ನಲ್ಲಿಯೂ ಒಂದು ತರುಣರ ತಂಡ ತನ್ನ ಭಾಷೆಯ ಕವಿಗಳ ಮಾತುಗಳಿಗೆ ಸ್ವರ ಹಾಕುತ್ತಿತ್ತು. ಆ ತಂಡದ ಹೆಸರು ‘ಫಿರ್ಕತ್ ಅಲ್ ಅರ್ದ್’, ಎಂದರೆ ನೆಲದ ತಂಡ. ಆಲ್ಬಮ್ಮಿನ ಹೆಸರು ‘ಉಗ್ನಿಯಾ’, ಎಂದರೆ ಹಾಡು, ಅಷ್ಟೇ. ನಮ್ಮ ಕ್ಯಾಸೆಟ್ ಶಾಂತಿಯ ನಾಡಿನಲ್ಲಿ ಹುಟ್ಟಿತು. ಅವರ ನಗರ ಅಂತರ್ಯುದ್ಧದಿಂದಾಗಿ ಆಗಲೇ ಮೂರು ವರ್ಷಗಳಿಂದ ಎರಡು ಹೋಳಾಗಿತ್ತು. ಈ ದಿನ ನಾನು ಮಾತಾಡಲಿರುವುದು ಆ ಆಲ್ಬಮ್ಮಿನ ಮರುಬಿಡುಗಡೆಯನ್ನು ಕುರಿತು, ಮತ್ತು ಯುದ್ಧದ ಕಾಲದ ಸಂಗೀತವನ್ನು ಮತ್ತೆ ಹೊರತರುವವರು ಹೊರಬೇಕಾದ ಹೊಣೆಯನ್ನು ಕುರಿತು.

ತಂಡದಲ್ಲಿ ಮುಖ್ಯರಾದವರು ಮೂವರು. ಹಾಡುವ, ಗಿಟಾರ್ ನುಡಿಸುವ, ಸ್ವರ ಹಾಕುವ ಇಸಾಮ್ ಹಜಾಲಿ, ಸ್ಯಾಕ್ಸಫೋನ್ ನುಡಿಸುವ ತೌಫೀಕ್ ಫರೂಖ್, ಎಲಿಯಾ ಸಾಬಾ. ಮೂವರೂ ಎಡಪಂಥದ ಕಡೆ ಒಲಿದ ತಲೆಮಾರಿಗೆ ಸೇರಿದವರು. ಪ್ಯಾಲೆಸ್ತೀನಿನ ಕವಿಗಳಾದ ಮಹಮೂದ್ ದರ್ವೀಶ್, ಸಮೀಹ್ ಅಲ್ ಕಾಸಿಮ್, ತೌಫೀಕ್ ಜಯ್ಯಾದ್ ಮೊದಲಾದವರ ಕವಿತೆಗಳನ್ನು ತಂಡ ಹಾಡಾಗಿಸಿಕೊಂಡಿತ್ತು. ಆ ಕಾಲದಲ್ಲಿ ದರ್ವೀಶ್ ಬೈರೂತ್‌ನಲ್ಲಿಯೇ ನೆಲೆಸಿದ್ದರು. ಜಯ್ಯಾದ್ ಇಸ್ರೇಲಿನ ನಜರೆತ್ ನಗರದ ಮೇಯರ್ ಆಗಿದ್ದರು. ಅಂದರೆ ಒಬ್ಬ ಕವಿ ಅದೇ ಊರಿನಲ್ಲಿ, ಇನ್ನೊಬ್ಬ ಕವಿ ಹಾಡುಗಾರರು ಎಂದೂ ದಾಟಲಾಗದ ಗಡಿಯ ಆಚೆಗೆ. ತಂಡದ ಹೆಸರಿನಲ್ಲಿರುವ ‘ಅರ್ದ್’ ಎಂಬ ಪದವೂ ಆಗ ಹಗುರವಾದುದಾಗಿರಲಿಲ್ಲ. 1976ರ ಮಾರ್ಚ್ 30ರಂದು ಗಲಿಲೀ ಸೀಮೆಯಲ್ಲಿ ಇಸ್ರೇಲಿ ಸರ್ಕಾರ ಜಮೀನು ವಶಪಡಿಸಿಕೊಳ್ಳುವುದರ ವಿರುದ್ಧ ಅರಬರು ಮುಷ್ಕರ ಹೂಡಿದ್ದರು, ಆರು ಮಂದಿ ಸತ್ತಿದ್ದರು, ಆ ದಿನಕ್ಕೆ ನೆಲದ ದಿನವೆಂದೇ ಹೆಸರು ಬಂದಿತ್ತು.

ವಾದ್ಯಗಳ ಹೊಂದಿಕೆಯಲ್ಲಿ ಕೈಜೋಡಿಸಿದವರು ಜಿಯಾದ್ ರಹಬಾನಿ. ಅರಬ್ ಜಗತ್ತು ತಲೆಯ ಮೇಲೆ ಹೊತ್ತು ಮೆರೆಸಿದ ಗಾಯಕಿ ಫೈರೂಜ್ ಮತ್ತು ಸಂಗೀತಗಾರ ಆಸ್ಸಿ ರಹಬಾನಿಯವರ ಮಗ. 1956ರ ಜನವರಿ 1ರಂದು ಹುಟ್ಟಿದ ಅವರಿಗೆ ಆಗ ಇಪ್ಪತ್ತೆರಡು ವರ್ಷ. ಅದೇ 1978ರಲ್ಲಿ ಅವರ ‘ಬಿನ್ನಿಸ್ಬೆ ಲಬುಕ್ರಾ ಶು’ ನಾಟಕ ಪಶ್ಚಿಮ ಬೈರೂತ್‌ನ ರಂಗಮಂದಿರವನ್ನು ತುಂಬಿಸುತ್ತಿತ್ತು. ಹದಿಮೂರು ನಿಮಿಷಗಳಷ್ಟು ಉದ್ದದ, ತಂತಿವಾದ್ಯಗಳನ್ನು ಡಿಸ್ಕೋ ತಾಳದ ಮೇಲೆ ತೇಲಿಸಿದ ‘ಅಬು ಅಲಿ’ ಕೂಡ ಅದೇ ವರ್ಷದ್ದು. ಒಬ್ಬ ಮನುಷ್ಯನ ಒಂದು ವರ್ಷದ ದುಡಿಮೆ ಇದು ಎಂದು ನಂಬುವುದು ಕಷ್ಟ, ಆ ವರ್ಷ ಎಂಥದೆಂದು ನೆನೆದರೆ ಇನ್ನೂ ಕಷ್ಟ. ಮಾರ್ಚ್ ತಿಂಗಳಲ್ಲಿ ಇಸ್ರೇಲಿ ಸೇನೆ ದಕ್ಷಿಣ ಲೆಬನಾನಿಗೆ ನುಗ್ಗಿತ್ತು, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಅಲ್ಲಿಗೆ ಬಂದದ್ದು ಆಗಲೇ. ಬೇಸಗೆಯಲ್ಲಿ ಪೂರ್ವ ಬೈರೂತ್‌ನ ಅಶ್ರಫಿಯ್ಯೆ ಬಡಾವಣೆಯ ಮೇಲೆ ಸಿರಿಯಾದ ಫಿರಂಗಿಗಳು ತಿಂಗಳುಗಟ್ಟಲೆ ಗುಂಡು ಸುರಿಸಿದವು.

ಯುದ್ಧಕಾಲ ಎಂಬ ಮಾತನ್ನು ನಾವು ದೂರದಲ್ಲಿ ಕೂತು ಸುಲಭವಾಗಿ ಆಡುತ್ತೇವೆ. ಅದು ದಿನದ ಬಾಳಿನಲ್ಲಿ ಹೇಗಿರುತ್ತದೆ ಎಂಬುದನ್ನು ತಿಳಿಯಲು ನನಗೆ ನೆರವಾದದ್ದು ಒಂದು ಸಣ್ಣ ಸಂಗತಿ. ಯುದ್ಧದ ಮೊದಲ ಎರಡು ವರ್ಷಗಳಲ್ಲಿ ಲೆಬನಾನ್ ರೇಡಿಯೋದ ಶರೀಫ್ ಅಲ್ ಅಖವಿ ಎಂಬ ಉದ್ಘೋಷಕರು ಯಾವ ರಸ್ತೆಯಲ್ಲಿ ಹೋಗಬಹುದು, ಯಾವ ರಸ್ತೆಯಲ್ಲಿ ಹೋಗಬಾರದು ಎಂದು ಜನರಿಗೆ ತಿಳಿಸುತ್ತಿದ್ದರು. ‘ಸಾಲಿಕಾ ವ ಆಮಿನಾ’ ಎಂದರೆ ದಾರಿ ತೆರೆದಿದೆ, ಅಪಾಯವಿಲ್ಲ ಎಂದು ಅರ್ಥ. ಆ ಎರಡು ಪದಗಳನ್ನು ಕೇಳಿ ಮನೆಯಿಂದ ಹೊರಟು ಬದುಕಿ ಉಳಿದವರು ಅದೆಷ್ಟು ಮಂದಿಯೋ. ಹೊರಗೆ ಕಾಲಿಡುವ ಮೊದಲು ರೇಡಿಯೋ ಕೇಳಬೇಕಾದ ಊರಿನಲ್ಲಿ ಒಂದು ತಾಲೀಮಿಗೆ ಹತ್ತು ಜನ ವಾದ್ಯಗಾರರು ಒಂದೇ ಹೊತ್ತಿಗೆ ಸೇರುವುದೇ ಒಂದು ಸಾಧನೆ. ಆ ಕಾಲದ ಯಾವುದೇ ಆಲ್ಬಮ್ಮಿನಲ್ಲಿ ತಂತಿವಾದ್ಯಗಳ ಮೇಳವೊಂದು ಕೇಳಿಸಿದಾಗ ಅದನ್ನು ಬರಿಯ ಅಲಂಕಾರವೆಂದು ನಾನು ಈಗ ಕೇಳಲಾರೆ. ಇಷ್ಟು ಜನ ಇಂಥ ದಿನ ಇಲ್ಲಿಗೆ ಬಂದು ಮುಟ್ಟಿದರು ಎಂದು ಅದು ಹೇಳುತ್ತದೆ.

ಸಂಗೀತದ ವಿಷಯಕ್ಕೆ ಬರುತ್ತೇನೆ. ಅರಬ್ ಸಂಗೀತ ನಿಂತಿರುವುದು ಮಕಾಮ್ ಪದ್ಧತಿಯ ಮೇಲೆ. ನಮ್ಮ ರಾಗಕ್ಕೂ ಅದಕ್ಕೂ ವ್ಯತ್ಯಾಸಗಳಿದ್ದರೂ, ಸ್ವರಗಳ ನಡುವಿನ ಅಂತರ, ಸಂಚಾರದ ಕ್ರಮ, ನೆಲೆನಿಲ್ಲುವ ಸ್ವರ ಇವುಗಳಿಂದ ಒಂದು ಭಾವಲೋಕ ಮೂಡುತ್ತದೆ ಎಂಬುದು ಎರಡಕ್ಕೂ ಸಮಾನ. ರಾಸ್ತ್, ಬಯಾತಿ ಮುಂತಾದ ಮಕಾಮ್‌ಗಳಲ್ಲಿ ಪಿಯಾನೋದ ಎರಡು ಮನೆಗಳ ನಡುವೆ ಬೀಳುವ ಸ್ವರಗಳಿವೆ. ಪಿಯಾನೋ ಮೇಲೆ ಅವನ್ನು ನುಡಿಸಲಾಗುವುದಿಲ್ಲ. ಇದು ನಮಗೆ ಹೊಸ ತೊಡಕಲ್ಲ. ಗಮಕಕ್ಕೂ ಶ್ರುತಿಗೂ ಒಗ್ಗದ ವಾದ್ಯವೆಂದು ಆಕಾಶವಾಣಿ 1940ರಿಂದ ಮೂರು ದಶಕಗಳ ಕಾಲ ಹಾರ್ಮೋನಿಯಮ್ಮನ್ನು ಹೊರಗಿಟ್ಟ ಕಥೆ ನಮ್ಮ ಹಿರಿಯ ವಾದಕರಿಗೆ ಗೊತ್ತು. ಪಾಶ್ಚಾತ್ಯ ವಾದ್ಯಗಳನ್ನು ಅರಬ್ ಹಾಡಿಗೆ ಕೂಡಿಸುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಪಿಯಾನೋಗೆ ಒಗ್ಗುವ ನಹಾವಂದ್, ಕುರ್ದ್, ಹಿಜಾಜ್‌ನಂಥ ಮಕಾಮ್‌ಗಳನ್ನೇ ಆರಿಸಿಕೊಳ್ಳುವುದು ಒಂದು. ಎರಡು ಮನೆಗಳ ನಡುವೆ ಬೀಳುವ ಆ ಕಾಲು ಸ್ವರಗಳನ್ನು ಕಂಠಕ್ಕೂ, ಬುಜುಕ್ ಎಂಬ ಉದ್ದ ಕತ್ತಿನ ತಂತಿವಾದ್ಯಕ್ಕೂ, ಪಿಟೀಲುಗಳಿಗೂ ಬಿಟ್ಟು, ಆ ಹೊತ್ತಿನಲ್ಲಿ ಪಿಯಾನೋವನ್ನು ಸುಮ್ಮನಿರಿಸುವುದು ಇನ್ನೊಂದು. ಜಿಯಾದ್ ಪಿಯಾನೋವನ್ನೂ ಬುಜುಕ್ಕನ್ನೂ ಒಂದೇ ಅಭಿಮಾನದಿಂದ ನುಡಿಸುತ್ತಿದ್ದವರು. ಎರಡೂ ವಾದ್ಯಗಳ ಅಳವನ್ನು ಬೆರಳಿನಿಂದಲೇ ಅರಿತವರ ಕೈಯ ಹೊಂದಿಕೆ ಬೇರೆಯಾಗಿಯೇ ಕೇಳುತ್ತದೆ.

‘ಉಗ್ನಿಯಾ’ದಲ್ಲಿ ಇನ್ನೊಂದು ನೀರೂ ಬಂದು ಸೇರಿದೆ. ಅದು ಬ್ರೆಜಿಲಿನದು. ಸಭೆಯಲ್ಲಿ ನಾನು ಕೇಳಿಸಿದ ‘ಮತರ್ ಅಲ್ ಸಬಾಹ್’, ಎಂದರೆ ಬೆಳಗಿನ ಮಳೆ, ಎಂಬ ಹಾಡನ್ನು ಗಮನಿಸಿ. ಗಿಟಾರ್ ಬೊಸ್ಸಾನೋವಾದ ಲಯದಲ್ಲಿ ನಡೆಯುತ್ತದೆ, ತಂತಿವಾದ್ಯಗಳು ಹಿಂದಿನಿಂದ ನಿಧಾನವಾಗಿ ಏರುತ್ತವೆ, ಹಾಡುವ ದನಿ ತಾರಸ್ಥಾಯಿಗೆ ಹೋಗಿ ಕೇಳುಗನನ್ನು ಅಲುಗಾಡಿಸುವುದಿಲ್ಲ. ಪಕ್ಕದಲ್ಲಿ ಕೂತವನಿಗೆ ಹೇಳುವಷ್ಟೇ ಮೆಲ್ಲಗೆ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಹಳಷ್ಟು ಲೆಬನಾನಿಗರು ಬ್ರೆಜಿಲಿಗೆ ವಲಸೆ ಹೋಗಿದ್ದಾರೆ. ಬ್ರೆಜಿಲಿನಲ್ಲಿ ನೆಂಟರಿರುವುದು ಅಲ್ಲಿನ ಕುಟುಂಬಗಳಿಗೆ ಸಾಮಾನ್ಯ ಸಂಗತಿ. ಆದ್ದರಿಂದ ಈ ಬೆರಕೆಯನ್ನು ಎಲ್ಲಿಂದಲೋ ತಂದು ಅಂಟಿಸಿದ್ದು ಎನ್ನಲಾಗದು. ಫಿರಂಗಿಯ ಸದ್ದಿರುವ ಊರಿನಲ್ಲಿ ಇಷ್ಟು ಮೆಲ್ಲಗೆ ಹಾಡಬೇಕೆಂದು ಅವರು ತೀರ್ಮಾನಿಸಿದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅದೇ ಕವಿಗಳನ್ನು ಅದೇ ಕಾಲದಲ್ಲಿ ಹಾಡಿದ ಮಾರ್ಸೆಲ್ ಖಲೀಫೆಯವರ ದಾರಿ ಬೇರೆ. ಊದ್ ಎಂಬ ತಂತಿವಾದ್ಯದೊಂದಿಗೆ ಅವರು ಹಾಡಿದ ದರ್ವೀಶರ ಕವಿತೆಗಳನ್ನು ಸಾವಿರಾರು ಜನ ಒಟ್ಟಿಗೆ ಕೂಡಿ ಹಾಡುತ್ತಿದ್ದರು. ‘ಉಗ್ನಿಯಾ’ ಒಬ್ಬೊಬ್ಬರೇ ಕೇಳುವ ಸಂಗೀತ.

ಬಹುಶಃ ಅದರಿಂದಾಗಿಯೇ ಅದು ಬೇಗ ಕಣ್ಮರೆಯಾಯಿತು. 1982ರಲ್ಲಿ ಇಸ್ರೇಲಿ ಸೇನೆ ಬೈರೂತ್‌ಗೆ ಮುತ್ತಿಗೆ ಹಾಕಿತು, ದರ್ವೀಶ್ ಊರು ಬಿಟ್ಟರು. ಫರೂಖ್ ಪ್ಯಾರಿಸ್ಸಿಗೆ ಹೋಗಿ ಅಲ್ಲಿಯೇ ನೆಲೆಯೂರಿ ಜಾಜ್ ಸಂಗೀತಗಾರರಾಗಿ ಹೆಸರು ಮಾಡಿದರು. ಯುದ್ಧ ಮುಗಿಯುವ ಹೊತ್ತಿಗೆ, 1990ರಲ್ಲಿ, ಸತ್ತವರ ಸಂಖ್ಯೆ ಒಂದೂವರೆ ಲಕ್ಷದಷ್ಟೆಂದು ಅಂದಾಜು. ಹಳೆಯ ಎಲ್‌ಪಿ ತಟ್ಟೆಗಳು ಸಂಗ್ರಾಹಕರ ಕೈಯಲ್ಲಿ ಬೆಲೆ ಏರಿಸಿಕೊಳ್ಳುತ್ತ ಸುತ್ತುತ್ತಿದ್ದವು. ಬರ್ಲಿನ್ನಿನ ಹಬೀಬಿ ಫಂಕ್ ಎಂಬ ಪುಟ್ಟ ಸಂಸ್ಥೆ 2022ರಲ್ಲಿ ಅದನ್ನು ಮತ್ತೆ ಹೊರತಂದಿತು. ಅದಕ್ಕೆ ಮೊದಲು, 2019ರಲ್ಲಿ, ಅದೇ ಸಂಸ್ಥೆ ಇಸಾಮ್ ಹಜಾಲಿಯವರು 1977ರಲ್ಲಿ ಪ್ಯಾರಿಸ್ಸಿನಲ್ಲಿ ಮುದ್ರಿಸಿದ್ದ ಒಂಟಿ ಆಲ್ಬಮ್ಮನ್ನು ಬಿಡುಗಡೆ ಮಾಡಿತ್ತು. ಮೊದಲ ಸಲ ಅದು ಬರಿಯ ಕ್ಯಾಸೆಟ್ಟಾಗಿ, ನೂರಕ್ಕೂ ಕಡಿಮೆ ಪ್ರತಿಗಳಲ್ಲಿ ಬೈರೂತ್‌ನ ಕೆಲವರ ಕೈಸೇರಿತ್ತು. ಜಿಯಾದ್ ಅವರ ‘ಅಬು ಅಲಿ’ಯನ್ನು ಪ್ಯಾರಿಸ್ಸಿನ ವೀ ವಾಂಟ್ ಸೌಂಡ್ಸ್ ಮತ್ತೆ ತಂದಿದೆ.

ಈಗ ನನ್ನ ಮುಖ್ಯ ಮಾತು. ಮರುಬಿಡುಗಡೆ ಮಾಡುವವರನ್ನು ನಾವು ವ್ಯಾಪಾರಿಗಳೆಂದೋ ಶೋಧಕರೆಂದೋ ಕರೆಯುತ್ತೇವೆ. ನನ್ನ ದೃಷ್ಟಿಯಲ್ಲಿ ಅವರು ಸಂಪಾದಕರು. ಕನ್ನಡದಲ್ಲಿ ಈ ಪದಕ್ಕೆ ದೊಡ್ಡ ಪರಂಪರೆಯೇ ಇದೆ. ತಾಳೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಯಾವ ಪ್ರತಿ ಎಲ್ಲಿಯದು, ಯಾವುದು ಹಳೆಯದು, ಎಲ್ಲಿ ಹುಳು ತಿಂದಿದೆ, ಎಲ್ಲಿ ಲಿಪಿಕಾರ ತಪ್ಪಿದ್ದಾನೆ ಎಂದು ಗುರುತು ಹಾಕಿ, ಶುದ್ಧಪಾಠವನ್ನು ಮೇಲಿಟ್ಟು, ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟವರು ನಮ್ಮ ವಿದ್ವಾಂಸರು. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂದು ಇದಕ್ಕೇ ಮೀಸಲಾದ ಪುಸ್ತಕ ಬರೆದಿದ್ದಾರೆ. ಪ್ರತಿಯನ್ನು ತಿದ್ದುವವನು ತಾನು ತಿದ್ದಿದ್ದೇನೆಂದು ಓದುಗನಿಗೆ ಹೇಳಬೇಕು, ಇದು ಆ ಪರಂಪರೆಯ ಮೊದಲ ಕಟ್ಟಳೆ. ಹಾಡಿನ ವಿಷಯದಲ್ಲಿಯೂ ಹೀಗೆಯೇ ನಡೆದುಕೊಳ್ಳಬೇಕೆಂದು ನಾನು ಬಯಸುತ್ತೇನೆ. ಈ ಧ್ವನಿ ಮೂಲ ಟೇಪಿನಿಂದ ಬಂದದ್ದೇ, ಎಲ್‌ಪಿ ತಟ್ಟೆಯ ಮೇಲೆ ಸೂಜಿಯಿಟ್ಟು ತೆಗೆದದ್ದೇ, ಅಥವಾ ಯಾರದೋ ಮನೆಯ ಕ್ಯಾಸೆಟ್ಟಿನದೇ ಎಂಬ ಒಂದು ಸಾಲು ಹೊದಿಕೆಯ ಮೇಲೆ ಇರಲೇಬೇಕು. ಎಷ್ಟೋ ಮರುಬಿಡುಗಡೆಗಳಲ್ಲಿ ಆ ಒಂದು ಸಾಲಿಲ್ಲ. ತಟ್ಟೆ ಎಷ್ಟು ಗ್ರಾಮ್ ತೂಗುತ್ತದೆ ಎಂಬ ಸಾಲು ಮಾತ್ರ ತಪ್ಪದೆ ಇರುತ್ತದೆ.

ನನ್ನ ಕಸುಬು ಹಳೆಯ ಟೇಪುಗಳಿಂದ ಧ್ವನಿಯನ್ನು ಎತ್ತಿ ಕಂಪ್ಯೂಟರಿಗೆ ತುಂಬುವುದು. ಹೆಚ್ಚಾಗಿ ಮನೆತನಗಳವರು ತರುವ ಕ್ಯಾಸೆಟ್‌ಗಳು. ತೀರಿಕೊಂಡ ತಂದೆಯ ಗಮಕ ವಾಚನ, ಮದುವೆಮನೆಯ ಸೋಬಾನೆ, ಹರಿಕಥೆ. ಈ ಕೆಲಸ ಕಣ್ಣೆದುರು ಹೇಗೆ ನಡೆಯುತ್ತದೆ ಎಂಬುದನ್ನು ಸಭೆಯಲ್ಲಿ ಒಂದು ಕ್ಯಾಸೆಟ್ ಹಿಡಿದು ತೋರಿಸಿದೆ. ಮೊದಲು ಟೇಪಿನ ಹಿಂದಿರುವ ಪುಟ್ಟ ತಾಮ್ರದ ಪಟ್ಟಿ ಮತ್ತು ಅದರ ಮೇಲಿನ ಅಕ್ಕಿಕಾಳಿನಷ್ಟು ದಪ್ಪದ ಮೆತ್ತೆಯನ್ನು ನೋಡಬೇಕು. ನಲವತ್ತು ವರ್ಷಗಳಲ್ಲಿ ಅಂಟು ಒಣಗಿ ಮೆತ್ತೆ ಉದುರಿಹೋಗಿರುತ್ತದೆ. ಅದಿಲ್ಲದಿದ್ದರೆ ಟೇಪು ಯಂತ್ರದ ತಲೆಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಧ್ವನಿ ಮಂಕಾಗಿ ಎದ್ದುಬಿದ್ದು ಬರುತ್ತದೆ. ಮೆತ್ತೆಯನ್ನು ಹೊಸದಾಗಿ ಅಂಟಿಸಿದ ಮೇಲೆ ಯಂತ್ರದ ತಲೆಯ ಓರೆಯನ್ನು ಸರಿಪಡಿಸುವ ಒಂದು ತಿರುಪು ಇದೆ. ಮುದ್ರಿಸಿದ ಯಂತ್ರದ ತಲೆ ಎಷ್ಟು ಓರೆಯಾಗಿತ್ತೋ ನುಡಿಸುವ ಯಂತ್ರದ ತಲೆಯೂ ಅಷ್ಟೇ ಓರೆಯಾಗಬೇಕು. ಸಣ್ಣ ತಿರುಪುಳಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೇಳುತ್ತಿದ್ದರೆ, ಒಂದು ಕಡೆ ತಾಳದ ಕಂಚಿನ ಧ್ವನಿ, ಹಾಡುಗಾರನ ಸಕಾರ ಶಕಾರಗಳು ಇದ್ದಕ್ಕಿದ್ದಂತೆ ಮಂಜು ಸರಿದ ಹಾಗೆ ತೆರೆದುಕೊಳ್ಳುತ್ತವೆ. ಅದನ್ನು ದಾಟಿ ತಿರುಗಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತವೆ. ಆ ತಿರುವಿನಲ್ಲಿ ಕೈ ನಿಲ್ಲಿಸಬೇಕು. ಯಾವ ತಂತ್ರಾಂಶವೂ ಈ ಕ್ಷಣಕ್ಕೆ ಬದಲಿಯಾಗದು. ಓರೆ ತಪ್ಪಿಸಿ ಎತ್ತಿದ ಧ್ವನಿಯಲ್ಲಿ ಕಳೆದದ್ದು ಆಮೇಲೆ ಎಷ್ಟು ತಿಣುಕಿದರೂ ಮರಳುವುದಿಲ್ಲ.

ಯುದ್ಧಕಾಲದ ಮುದ್ರಣಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೀರ್ಮಾನಗಳು ಎದುರಾಗುತ್ತವೆ. ವೇಗವನ್ನು ತೆಗೆದುಕೊಳ್ಳಿ. ಟೇಪು ಮುದ್ರಣವಾದಾಗ ಯಾವ ವೇಗದಲ್ಲಿ ಓಡಿತ್ತೆಂದು ತಿಳಿಯಲು ನಾವು ಧ್ವನಿಯ ಅಡಿಯಲ್ಲಿ ಅಡಗಿರುವ ವಿದ್ಯುತ್ತಿನ ಗುನುಗನ್ನು ಹುಡುಕುತ್ತೇವೆ. ಸರಬರಾಜಿನ ಕರೆಂಟು 50 ಹರ್ಟ್ಸ್ ಆಗಿದ್ದರೆ ಗುನುಗೂ ಅಲ್ಲಿಗೆ ಬಂದು ಕೂಡಬೇಕು, ಅದೇ ನಮಗೆ ಶ್ರುತಿ. ಆದರೆ ಕರೆಂಟು ಹೋಗಿ ಸ್ಟುಡಿಯೋ ಜನರೇಟರಿನ ಮೇಲೆ ನಡೆದಿದ್ದರೆ, ಜನರೇಟರು ದಣಿದಂತೆ ಗುನುಗೂ ಇಳಿಯುತ್ತದೆ, ಆ ಶ್ರುತಿಯನ್ನು ನಂಬುವಂತಿಲ್ಲ. ಆಗ ಪಿಯಾನೋದಂಥ ಸ್ಥಿರಸ್ವರದ ವಾದ್ಯವನ್ನು ಹಿಡಿದು ಲೆಕ್ಕ ಹಾಕಬೇಕು, ಆ ಪಿಯಾನೋದ ಶ್ರುತಿ ಸರಿಯಾಗಿತ್ತೇ ಎಂದೂ ಕೇಳಿಕೊಳ್ಳಬೇಕು. ಇನ್ನು ಸದ್ದು. ಟೇಪಿನ ಸರಸರ ಶಬ್ದವನ್ನು, ತಟ್ಟೆಯ ಮೇಲಿನ ಗೀರಿನ ಟಕಟಕವನ್ನು ತೆಗೆಯಬಹುದು. ಅವು ಲಿಪಿಕಾರನ ಕೈತಪ್ಪಿನಂತೆ ಕೃತಿಯ ಹೊರಗಿನವು. ಆದರೆ ಹಾಡುಗಾರ ಉಸಿರೆಳೆದುಕೊಂಡದ್ದು, ಕುರ್ಚಿಯ ಕಿರುಗುಟ್ಟುವಿಕೆ, ಕೋಣೆಯ ಇಕ್ಕಟ್ಟು, ಮಿತಿ ಮೀರಿ ಒಡೆದ ದನಿ ಇವು ಆ ದಿನ ಆ ಕೋಣೆಯಲ್ಲಿ ನಡೆದವು. ಎಲ್ಲವನ್ನೂ ಉಜ್ಜಿ ಇಂದಿನ ಸ್ಟುಡಿಯೋದ ಹೊಳಪು ಕೊಟ್ಟರೆ ಕೇಳುಗನಿಗೆ ಸಿಗುವುದು ಶಾಂತಿಕಾಲದಲ್ಲಿ ಮುದ್ರಿಸಿದಂತೆ ಕೇಳುವ ಹಾಡು. ಆ ಕೊಠಡಿಯ ಇಕ್ಕಟ್ಟನ್ನು ಅಳಿಸುವ ಅಧಿಕಾರ ಸಂಪಾದಕನಿಗಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಧ್ವನಿಯಷ್ಟೇ ಮುಖ್ಯವಾದದ್ದು ಮಾತು. ಇದನ್ನು ನನಗೆ ಕಲಿಸಿದ್ದು ಕೊಲ್ಲಿಯ ದಿನಗಳು. ತೊಂಬತ್ತರ ದಶಕದಲ್ಲಿ ನಾನು ದುಬೈನಲ್ಲಿ ಕೆಲವು ವರ್ಷ ದುಡಿಯುತ್ತಿದ್ದೆ. ಕರಾವಳಿಯಿಂದ ಅಲ್ಲಿಗೆ ಹೋದ ನಮ್ಮವರಿಗೆಲ್ಲ ತಿಳಿದಿರುವಂತೆ, ಬೆಳಗಿನ ಹೊತ್ತು ಅರಬರ ಅಂಗಡಿ, ಕಾರು, ಕಚೇರಿಗಳಲ್ಲಿ ಕೇಳುವುದು ಫೈರೂಜ್ ಅವರ ದನಿಯೇ. ನಮ್ಮಲ್ಲಿ ಸುಪ್ರಭಾತ ಇದ್ದಂತೆ ಅದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಲೆಬನಾನಿನ ಗೆಳೆಯನೊಬ್ಬ ಒಂದು ದಿನ ಜಿಯಾದ್ ಅವರ 1985ರ ‘ಹುದೂ ನಿಸ್ಬಿ’ ಕ್ಯಾಸೆಟ್ ಹಾಕಿದ. ಪಿಯಾನೋ, ಊದುವ ವಾದ್ಯಗಳು, ಜಾಜ್‌ನ ನಡಿಗೆ. ನನಗೆ ಬಹಳ ಹಿತವೆನಿಸಿತು. ಹೆಸರಿನ ಅರ್ಥ ಕೇಳಿದೆ. ತಕ್ಕಮಟ್ಟಿನ ಶಾಂತಿ ಎಂದ. ಸಂಗೀತಕ್ಕೆ ಒಪ್ಪುವ ಹೆಸರು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ವಾರ್ತೆಯವರ ಮಾತು ಎಂದು ವಿವರಿಸಿದ. ರಾತ್ರಿಯೆಲ್ಲ ಶೆಲ್ ಬಿದ್ದ ಮೇಲೆ ಬೆಳಿಗ್ಗೆ ವಾರ್ತೆಯಲ್ಲಿ ಇಂಥಿಂಥ ಕಡೆ ತಕ್ಕಮಟ್ಟಿನ ಶಾಂತಿ ನೆಲೆಸಿದೆ ಎಂದು ಓದುತ್ತಿದ್ದರಂತೆ. ಆಗ ಅವನ ತಾಯಿ ಬ್ರೆಡ್ ತರಲು ಓಡುತ್ತಿದ್ದಳಂತೆ. ಅಲ್ಲಿಂದಾಚೆಗೆ ಆ ಸಂಗೀತದಲ್ಲಿ ಒಂದು ಅವಸರ, ಮತ್ತೆ ಶುರುವಾಗುವ ಮೊದಲು ನುಡಿಸಿ ಮುಗಿಸಬೇಕೆಂಬ ಅವಸರ ನನಗೆ ಕೇಳತೊಡಗಿತು. ಸಂಗೀತ ಬದಲಾಗಿರಲಿಲ್ಲ, ನನಗೆ ಒಂದು ಟಿಪ್ಪಣಿ ಸಿಕ್ಕಿತ್ತು.

ಆ ಟಿಪ್ಪಣಿ ಇಲ್ಲದೆ ಬರುವ ಮರುಬಿಡುಗಡೆ ಅರ್ಧ ಬಿಡುಗಡೆ. ಇಂದು ‘ಉಗ್ನಿಯಾ’ವನ್ನು ಕೇಳುವ ಬಹುಪಾಲು ಜನರಿಗೆ ಅರಬಿ ಬಾರದು. ಲಯ ಹಿತವಾಗಿದೆ, ತಂತಿವಾದ್ಯ ಇಂಪಾಗಿದೆ, ಹೊದಿಕೆ ಚೆಂದವಾಗಿದೆ. ಕಾಫಿ ಅಂಗಡಿಯಲ್ಲಿ ಹಿನ್ನೆಲೆಗೆ ಹಾಕಿದರೆ ಯಾರಿಗೂ ತೊಂದರೆಯಾಗುವುದಿಲ್ಲ, ಇದೇ ನನ್ನ ಕಳವಳ. ‘ನಿತ್ಯೋತ್ಸವ’ವನ್ನು ಮಾತು ತಿಳಿಯದೆ ಬರಿಯ ಧಾಟಿಗಾಗಿ ಕೇಳುವ ಪರದೇಶಿಯೊಬ್ಬನಿಗೆ ಜೋಗದ ಸಿರಿಯೂ ತುಂಗೆಯ ತೆನೆಬಳುಕೂ ಹೇಗೆ ಕಾಣುವುದಿಲ್ಲವೋ, ಹಾಗೆಯೇ ಇಲ್ಲಿಯೂ ಕವಿತೆ ಕಾಣದೆ ಹೋಗುತ್ತದೆ. ಪ್ರತಿಯೊಂದು ಹಾಡಿನ ಅರಬಿ ಪಾಠ, ಅದರ ಅರ್ಥ, ಕವಿ ಯಾರು, ಆ ಕವಿ ಆಗ ಎಲ್ಲಿದ್ದ, ಯಾರು ಯಾವ ವಾದ್ಯ ನುಡಿಸಿದರು, ಎಲ್ಲಿ ಯಾವಾಗ ಮುದ್ರಣವಾಯಿತು ಇಷ್ಟೂ ತಟ್ಟೆಯ ಜೊತೆಗಿನ ಪುಸ್ತಿಕೆಯಲ್ಲಿರಬೇಕು. ಈ ವಿಷಯದಲ್ಲಿ ಹಬೀಬಿ ಫಂಕ್‌ನವರನ್ನು ಮೆಚ್ಚಬೇಕು. ಕಲಾವಿದರ ಜೊತೆ ಕೂತು ಮಾತಾಡಿ, ಹಳೆಯ ಫೋಟೋಗಳನ್ನು ಅವರಿಂದಲೇ ಪಡೆದು ಪುಸ್ತಿಕೆ ಮಾಡುವ ರೂಢಿಯನ್ನು ಅವರು ಬಿಟ್ಟಿಲ್ಲ. ಆದರೂ ನನಗೊಂದು ಅಸಮಾಧಾನ ಇದ್ದೇ ಇದೆ. ಹಾಡು ಇಂದು ಹೆಚ್ಚು ಜನರನ್ನು ಮುಟ್ಟುವುದು ಫೋನಿನ ಮೂಲಕ, ಅಲ್ಲಿ ಪುಸ್ತಿಕೆ ಇಲ್ಲ. ಹಾಡಿನ ಹೆಸರೊಂದು, ಅದೂ ಮೂರು ಬಗೆಯ ಕಾಗುಣಿತದಲ್ಲಿ.

ದುಡ್ಡಿನ ಮಾತನ್ನು ಆಡದೆ ಮುಂದೆ ಹೋಗಲಾಗದು. ಯುದ್ಧಕಾಲದಲ್ಲಿ ಕರಾರುಪತ್ರಗಳು ಸರಿಯಾಗಿ ಬರೆದಿರುವುದಿಲ್ಲ, ಬರೆದಿದ್ದರೂ ಉಳಿದಿರುವುದಿಲ್ಲ. ಹೊರತಂದ ಕಂಪನಿ ಮುಚ್ಚಿರುತ್ತದೆ. ಈ ಅಸ್ಪಷ್ಟತೆಯನ್ನು ಬಳಸಿಕೊಂಡು ಯಾರನ್ನೂ ಕೇಳದೆ ತಟ್ಟೆ ಅಚ್ಚು ಹಾಕಿ ಮಾರುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಲೆಬನಾನಿನ 1999ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಕರ್ತೃವಿನ ಮರಣಾನಂತರ 50 ವರ್ಷಗಳ ತನಕ ಹಕ್ಕು ಉಳಿಯುತ್ತದೆ. ಜಯ್ಯಾದ್ ತೀರಿಕೊಂಡದ್ದು 1994ರಲ್ಲಿ, ದರ್ವೀಶ್ 2008ರಲ್ಲಿ, ಅಲ್ ಕಾಸಿಮ್ 2014ರಲ್ಲಿ. ಆ ಲೆಕ್ಕದಲ್ಲಿ ಈ ಹಾಡುಗಳು ಯಾರದೂ ಅಲ್ಲವೆನ್ನುವ ಕಾಲ ಇನ್ನೂ ಬಹಳ ದೂರವಿದೆ. ಹಬೀಬಿ ಫಂಕ್ ಬಹಿರಂಗವಾಗಿ ಹೇಳಿಕೊಂಡಿರುವ ಕ್ರಮವೆಂದರೆ, ಕಲಾವಿದರಿಂದ ಅಥವಾ ವಾರಸುದಾರರಿಂದ ಪರವಾನಗಿ ಪಡೆಯುವುದು ಮತ್ತು ಲಾಭವನ್ನು ಅರ್ಧರ್ಧ ಹಂಚಿಕೊಳ್ಳುವುದು. ಇದರ ಮಹತ್ವ ತಿಳಿಯಬೇಕಾದರೆ 2019ರಿಂದಾಚೆಗೆ ಲೆಬನಾನಿನಲ್ಲಿ ಏನಾಯಿತೆಂದು ನೆನೆಯಬೇಕು. ಬ್ಯಾಂಕುಗಳು ಕುಸಿದವು, ಜನರ ಠೇವಣಿಗಳು ಒಳಗೇ ಸಿಕ್ಕಿಕೊಂಡವು, ಎರಡು ದಶಕಗಳಿಂದ ಡಾಲರಿಗೆ ಸುಮಾರು 1,500ರಲ್ಲಿ ನಿಂತಿದ್ದ ಲಿರಾ ತನ್ನ ಬೆಲೆಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಕಳೆದುಕೊಂಡಿತು. ಅಂಥ ಊರಿನಲ್ಲಿ ಬಾಳುವ ವಯಸ್ಸಾದ ಸಂಗೀತಗಾರನಿಗೆ ನಲವತ್ತು ವರ್ಷ ಹಿಂದಿನ ಹಾಡೊಂದು ಯೂರೋದಲ್ಲಿ ಹಣ ತಂದುಕೊಡುವುದೆಂದರೆ ಅದು ಗೌರವಧನಕ್ಕಿಂತ ದೊಡ್ಡದು. 2020ರ ಆಗಸ್ಟ್ 4ರಂದು ಬೈರೂತ್ ಬಂದರು ಸ್ಫೋಟಗೊಂಡಾಗ ಇದೇ ಸಂಸ್ಥೆ ಕೆಲವೇ ದಿನಗಳಲ್ಲಿ ಲೆಬನಾನಿನ ಹಾಡುಗಳ ಒಂದು ಸಂಗ್ರಹವನ್ನು ಹೊರತಂದು ಅದರ ಹಣವನ್ನು ಅಲ್ಲಿನ ರೆಡ್ ಕ್ರಾಸ್‌ಗೆ ಕೊಟ್ಟಿತು.

ಒಂದು ಪದದ ಬಗ್ಗೆ ನನಗೆ ತಕರಾರಿದೆ. ಇಂಥ ಆಲ್ಬಮ್‌ಗಳ ಪ್ರಚಾರದಲ್ಲಿ ಕಳೆದುಹೋಗಿದ್ದ ನಿಧಿ ಎಂಬ ಮಾತು ತಪ್ಪದೆ ಬರುತ್ತದೆ. ಯಾರಿಗೆ ಕಳೆದುಹೋಗಿತ್ತು ಎಂದು ಕೇಳಬೇಕು. 2025ರ ಜುಲೈ 26ರಂದು ಜಿಯಾದ್ ರಹಬಾನಿ ತೀರಿಕೊಂಡರು. ಅವರ ದೇಹವನ್ನು ಬೈರೂತ್‌ನ ಹಮ್ರಾದ ಆಸ್ಪತ್ರೆಯಿಂದ ಹೊರತಂದಾಗ ಬೀದಿಯಲ್ಲಿ ನೆರೆದ ಜನ ಹೂವೆರಚಿ, ಅವರ ಹಾಡುಗಳನ್ನು ಬಾಯಿಪಾಠವಾಗಿ ಹಾಡಿದರು. ಅವರಲ್ಲಿ ಯುದ್ಧ ಮುಗಿದ ಮೇಲೆ ಹುಟ್ಟಿದ ಹುಡುಗ ಹುಡುಗಿಯರೂ ಎಷ್ಟೋ ಮಂದಿ ಇದ್ದರು. ಬಿಕ್ಫಯ್ಯಾ ಊರಿನ ಚರ್ಚಿನಲ್ಲಿ, ಸಾರ್ವಜನಿಕವಾಗಿ ಬಹಳ ಅಪರೂಪಕ್ಕೆ ಕಾಣಿಸಿಕೊಳ್ಳುವ, ತೊಂಬತ್ತರ ಅಂಚಿನ ಫೈರೂಜ್ ಕಪ್ಪುಡುಗೆಯಲ್ಲಿ ಮಗನ ಪೆಟ್ಟಿಗೆಯ ಮುಂದೆ ಕೂತಿದ್ದರು. ಆ ಜನಕ್ಕೆ ‘ಅಬು ಅಲಿ’ ಎಂದೂ ಕಳೆದುಹೋಗಿರಲಿಲ್ಲ. ಟ್ಯಾಕ್ಸಿಯಲ್ಲಿ, ಅಡುಗೆಮನೆಯಲ್ಲಿ, ನಕಲು ಮೇಲೆ ನಕಲು ಮಾಡಿದ ಕ್ಯಾಸೆಟ್ಟಿನಲ್ಲಿ ಅದು ಅವರ ಜೊತೆಯಲ್ಲೇ ಇತ್ತು. ಕಳೆದುಹೋಗುವುದು ಮತ್ತು ನಮ್ಮ ತನಕ ತಲುಪದಿರುವುದು ಬೇರೆ ಬೇರೆ.

ನಿಜವಾಗಿಯೂ ಕಳೆದುಹೋಗುವುದು ಹೇಗಿರುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಹೇಳುತ್ತೇನೆ. 1987ರ ಡಿಸೆಂಬರಿನಲ್ಲಿ ಪ್ಯಾಲೆಸ್ತೀನಿನ ಮೊದಲ ಇಂತಿಫಾದಾ, ಎಂದರೆ ಇಸ್ರೇಲಿ ಆಳ್ವಿಕೆಯ ವಿರುದ್ಧದ ದಂಗೆ, ಆರಂಭವಾದ ಕೆಲವೇ ದಿನಗಳಲ್ಲಿ ರಿಯಾದ್ ಅವ್ವಾದ್ ಎಂಬ ಸಂಗೀತಗಾರ, ತನ್ನ ಸಹೋದರಿಯರನ್ನು ಕೂಡಿಸಿಕೊಂಡು, ಕೈಯಾರೆ ಮಾಡಿದ ಉಪಕರಣಗಳ ನೆರವಿನಿಂದ ಮನೆಯಲ್ಲಿಯೇ ಒಂದು ಆಲ್ಬಮ್ ಮುದ್ರಿಸಿದ. ಸಿಂಥಸೈಜರ್ ಮೇಲೆ ಅರಬಿ ಧಾಟಿಗಳು. 3,000 ಕ್ಯಾಸೆಟ್‌ಗಳನ್ನು ಮಾಡಿಸಿ ಹಂಚಿದ್ದಾಯಿತು. ಇಸ್ರೇಲಿ ಸೇನೆ ಸಿಕ್ಕಷ್ಟನ್ನೂ ಮುಟ್ಟುಗೋಲು ಹಾಕಿಕೊಂಡಿತು, ಅವ್ವಾದ್ ಸೆರೆಮನೆ ಸೇರಿದ. ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಜೆನಿನ್ ಊರಿನ ಹಳೆಯ ಕ್ಯಾಸೆಟ್ ಸಂಗ್ರಹವೊಂದರಲ್ಲಿ ಉಳಿದ ಪ್ರತಿಯೊಂದು ಅದೇ ಊರಿನಲ್ಲಿ ಬೆಳೆದ ಕಲಾವಿದ ಮೋಮಿನ್ ಸ್ವೈತಾತ್ ಅವರ ಕೈಗೆ ಸಿಕ್ಕಿತು. ಅವರು ಕಟ್ಟಿದ ಮಜಾಜ್ ಎಂಬ ಸಂಸ್ಥೆ ಅದನ್ನು ಮತ್ತೆ ಹೊರತಂದಿದೆ. ಹೊರಗಿನವರು ಬಂದು ಹುಡುಕಿಕೊಡುವುದಕ್ಕೂ ಊರಿನ ಮಗ ಮರಳಿ ಬಂದು ತನ್ನ ಕಪಾಟಿನಿಂದ ಎತ್ತಿಕೊಳ್ಳುವುದಕ್ಕೂ ಇರುವ ಅಂತರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕ್ಯಾಸೆಟ್ಟಿನ ಸರಸರ ಸದ್ದು ಸಾಕಷ್ಟು ಉಳಿದಿದೆ. ಅದನ್ನು ಉಳಿಸಿಕೊಂಡದ್ದು ಸರಿಯಾಗಿದೆ. ಸೇನೆಯ ಕೈಯಿಂದ ತಪ್ಪಿಸಿಕೊಂಡು ಬಂದ ಪ್ರತಿ ಅದು, ತಾಳೆಗರಿಯ ಅಂಚಿನಲ್ಲಿ ಸುಟ್ಟ ಗುರುತು ಇರುವಂತೆ ಅದರಲ್ಲಿ ಆ ಗುರುತು ಇರಲಿ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಇಷ್ಟೆಲ್ಲ ತಿಳಿದುಕೊಂಡ ಮೇಲೆಯೇ ಹಾಡು ಕೇಳಬೇಕೇ, ಸುಮ್ಮನೆ ಕೇಳಬಾರದೇ ಎಂದು ಅವರು ಕೇಳಿದರು. ನಾನು ಉತ್ತರ ಹೇಳುವ ಬದಲು ‘ಮತರ್ ಅಲ್ ಸಬಾಹ್’ವನ್ನು ಎರಡನೆಯ ಸಲ ಹಾಕಿದೆ. ಮೊದಲ ಸಲ ಹಾಕಿದಾಗ ಹಲವರು ತಲೆದೂಗಿದ್ದರು, ಬೆರಳಿನಲ್ಲಿ ತಾಳ ಹಾಕಿದ್ದರು. ಈ ಸಲ ಗಿಟಾರ್ ಶುರುವಾಗಿ, ತಂತಿವಾದ್ಯಗಳು ಒಂದೊಂದಾಗಿ ಬಂದು ಸೇರುತ್ತಿದ್ದ ಹಾಗೆ, ಆ ಹಿರಿಯರು ಬೆರಳು ಮಡಿಸಿ ಏನನ್ನೋ ಎಣಿಸುತ್ತಿದ್ದರು. ಹಾಡು ಮುಗಿದ ಮೇಲೆ ಏನು ಎಣಿಸಿದಿರಿ ಎಂದು ಕೇಳಿದೆ. ಆ ದಿನ ಎಷ್ಟು ಜನ ಬಂದು ಮುಟ್ಟಿದ್ದರು ಎಂದು ನೋಡುತ್ತಿದ್ದೆ ಎಂದರು.